ಮೂರು ಬೇಸಿಗೆಯ ಪಾಳಿ: ವಿಜಯಪುರದ ಹಳೇ ತೋಟವೊಂದರ ಪ್ರಕರಣ

ವಿಜಯಪುರದ ಕೋಟೆಗೋಡೆಯ ಒಳಗೆ, ಹಳೇ ಓಣಿಗಳ ನಡುವೆ, ಎರಡು ಎಕರೆಗೂ ತುಸು ಕಡಿಮೆ ಇರುವ ಒಂದು ಸಾರ್ವಜನಿಕ ತೋಟವಿದೆ. ಒಂದು ಮಗ್ಗುಲಿಗೆ ಆದಿಲಶಾಹಿ ಕಾಲದ ಕಲ್ಲುಗೋಡೆಯ ತುಂಡು, ಮೂಲೆಯಲ್ಲಿ ಮೆಟ್ಟಿಲಿಳಿಯುವ ಸಣ್ಣ ಬಾವಡಿ, ನಟ್ಟನಡುವೆ ಎಂಟು ಮೂಲೆಯ ಕಾರಂಜಿ ಹೊಂಡ. ಹುಣಸಿ, ಬೇವು, ಬಸರಿ ಎಲ್ಲ ಸೇರಿ ಹತ್ತು ಹನ್ನೆರಡು ದೊಡ್ಡ ಗಿಡಗಳು. ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುವುದು; ಈ ಬರಹದಲ್ಲೂ ಹಾಗೆಯೇ ಇರಲಿ.

ಈ ತೋಟವನ್ನು ಸುತ್ತಲಿನ ನಾಲ್ಕಾರು ಓಣಿಯ ಜನ ಕೂಡಿ ನೋಡಿಕೊಳ್ಳುತ್ತ ಬಂದು ಈಗ ನಾಲ್ಕನೆಯ ವರ್ಷ. ಮೊದಲ ವರ್ಷ ನಾವು ಮಾಡಿದ್ದು ಬಹುಪಾಲು ತಪ್ಪು. ಎರಡನೆಯ ವರ್ಷ ತಪ್ಪು ಎಲ್ಲಿದೆ ಎಂದು ತಿಳಿಯಿತು. ಉಳಿದದ್ದು ಆ ತಿಳಿವಳಿಕೆಯಿಂದ ಬಂದದ್ದು. ಬೇರೆ ಊರಿನ, ಬೇರೆ ಓಣಿಯ ಜನ ಇಂಥದ್ದೇ ಕೆಲಸಕ್ಕೆ ಕೈ ಹಾಕುವಾಗ ನಮ್ಮ ಮೊದಲ ವರ್ಷವನ್ನು ಮತ್ತೆ ಬದುಕಬೇಕಾಗಿಲ್ಲ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ತೋಟದ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಹೇಳುವುದಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ತೋಟದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಮ್ಮ ಗುಂಪಿಗೆ ನೋಂದಣಿ ಇಲ್ಲ, ಪದಾಧಿಕಾರಿಗಳಿಲ್ಲ. ಇರುವುದು ಒಂದು ನೋಟುಬುಕ್ಕು, ಎರಡು ಕೀಲಿ, ವಾರದ ಪಾಳಿ.

ನೀರು ಬರುತ್ತಿದ್ದ ದಾರಿ

ವಿಜಯಪುರವನ್ನು ನೀರಿಲ್ಲದ ಊರು ಅನ್ನುವುದು ಅರ್ಧ ಮಾತು. ವರ್ಷಕ್ಕೆ ಇಲ್ಲಿ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆದರೂ ಆದಿಲಶಾಹಿಗಳ ಕಾಲಕ್ಕೆ ಈ ಕೋಟೆಯೊಳಗೆ ದಖ್ಖನಿನ ದೊಡ್ಡ ರಾಜಧಾನಿಯೊಂದು ಬಾಳಿತ್ತು, ಅರಮನೆಗಳ ಅಂಗಳದಲ್ಲಿ ಕಾರಂಜಿ ಚಿಮ್ಮುತ್ತಿತ್ತು. ಪಡುವಣದ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಹರಿದು ಬರುತ್ತಿತ್ತು. ಕರೇಜ್ ಎನ್ನುವ ಈ ವಿದ್ಯೆ ಪರ್ಷಿಯಾದ್ದು: ಅಂತರ್ಜಲ ಇರುವ ಎತ್ತರದ ಜಾಗದಿಂದ ಊರಿನ ಕಡೆಗೆ ಬಹಳ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದು, ನಡುನಡುವೆ ಗಾಳಿಗೂ ಹೂಳು ತೆಗೆಯುವುದಕ್ಕೂ ನೆಟ್ಟಗೆ ಬಾವಿಯಂಥ ಕಿಂಡಿ ಬಿಡುವುದು. ಪಂಪು ಬೇಡ, ಎತ್ತು ಬೇಡ, ನೀರು ತನ್ನ ತೂಕಕ್ಕೆ ತಾನೇ ಬರುತ್ತದೆ. 1651ರಲ್ಲಿ ಮಹಮ್ಮದ್ ಆದಿಲಶಾಹ ಊರಿನ ತೆಂಕಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳಲ್ಲಿ, ಸುತ್ತ ಗಾರೆಯ ಕವಚ ಹಾಕಿ, ನೀರನ್ನು ಊರೊಳಗೆ ತಂದರು. ಆ ದಾರಿಯಲ್ಲಿ ಅಲ್ಲಲ್ಲಿ ನಿಂತಿರುವ ಕಲ್ಲಿನ ಗೋಪುರಗಳನ್ನು ಗಂಜ್ ಎನ್ನುತ್ತೇವೆ. ನೀರು ಗಂಜ್ ಏರಿ ಇಳಿಯುವಾಗ ಅದರ ಒತ್ತಡ ಮುರಿಯುತ್ತದೆ, ಕೊಳವೆ ಒಡೆಯುವುದಿಲ್ಲ. ಮಣ್ಣು ತಳದಲ್ಲಿ ಕೂರುತ್ತದೆ, ಮುಂದೆ ಹೋಗುವುದು ತಿಳಿನೀರು. ನನ್ನ ತರಗತಿಯ ಮಕ್ಕಳಿಗೆ ದ್ರವದ ಒತ್ತಡದ ಪಾಠವನ್ನು ನಾನು ಗಂಜ್ ತೋರಿಸಿಯೇ ಹೇಳುತ್ತೇನೆ.

ಇದರ ಜತೆಗೆ ಬಾವಡಿಗಳು. 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ ಎಲ್ಲರಿಗೂ ಗೊತ್ತು. ಅವುಗಳ ನೆರಳಲ್ಲಿ ಹೆಸರಿಲ್ಲದ ಸಣ್ಣ ಬಾವಡಿಗಳು ಓಣಿ ಓಣಿಗೆ ಇದ್ದವು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಬ್ರಿಟಿಷರು ಹಳೇ ಮಹಲುಗಳನ್ನೇ ಕಚೇರಿ, ಬಂಗಲೆ ಮಾಡಿಕೊಂಡರು, ಸುತ್ತ ದಾರಿ ತೆಗೆದರು, ಸಾಲುಗಿಡ ಹಚ್ಚಿದರು. ನಮ್ಮ ತೋಟದಲ್ಲೂ ಎರಡೂ ಕಾಲದ ಗುರುತಿದೆ. ಬಾವಡಿಯ ಕಲ್ಲಿನ ಕೆತ್ತನೆ ಒಂದು ಕಾಲದ್ದು, ನೇರ ಗೆರೆಯ ಕಾಲುದಾರಿ ಇನ್ನೊಂದರದು. ಯಾವುದನ್ನೂ ಕಿತ್ತು ಇನ್ನೊಂದನ್ನು ಉಳಿಸುವ ಹಕ್ಕು ನಮಗಿಲ್ಲ ಎಂದು ನಾವು ಮೊದಲ ಸಭೆಯಲ್ಲೇ ಮಾತಾಡಿಕೊಂಡೆವು. ಅದೊಂದು ತೀರ್ಮಾನ ಮಾತ್ರ ಮೊದಲ ದಿನದಿಂದ ಸರಿ ಇತ್ತು.

ಜೂನ್ 5

ನಾವು ಕೂಡಿದಾಗ ತೋಟದ ಸ್ಥಿತಿ ಹೇಳಲು ಬಹಳ ಮಾತು ಬೇಡ. ಗೋಡೆಯ ಬುಡದಲ್ಲಿ ಬಳ್ಳಾರಿ ಜಾಲಿ, ಉಳಿದೆಡೆ ಕಾಂಗ್ರೆಸ್ ಹುಲ್ಲು, ಹೊಂಡದ ತುಂಬ ಗುಟ್ಕಾ ಚೀಟಿ, ಬಾವಡಿಯಲ್ಲಿ ಹಸಿರು ಪಾಚಿಯ ಮೇಲೆ ತೇಲುವ ಬಾಟಲಿಗಳು. ಸಂಜೆಯಾದರೆ ಹೆಣ್ಣುಮಕ್ಕಳು ಆ ಬದಿಗೆ ಹಾಯುತ್ತಿರಲಿಲ್ಲ. ಕೆಲಸಕ್ಕೆ ಇದ್ದವರು ಒಬ್ಬರೇ ಮಾಲಿ, ಗುತ್ತಿಗೆಯ ಮೇಲೆ. ಅವರಿಗೆ ಇನ್ನೆರಡು ತೋಟಗಳ ಹೊಣೆಯೂ ಇತ್ತು. ನಾವೆಲ್ಲ ಅವರನ್ನು ಮಾಲಿ ಕಾಕಾ ಎನ್ನುತ್ತೇವೆ.

ಮೂರು ರವಿವಾರ ಶ್ರಮದಾನ ಮಾಡಿ ಸ್ವಚ್ಛ ಮಾಡಿದೆವು. ವಿಶ್ವ ಪರಿಸರ ದಿನ ಹತ್ತಿರ ಬಂತು. ಜೂನ್ 5ರಂದು ಅರವತ್ತು ಸಸಿ ತರಿಸಿ, ಶಾಲೆಯ ಮಕ್ಕಳನ್ನು ಕರೆಸಿ, ಒಂದೇ ಮುಂಜಾನೆ ಹಚ್ಚಿಬಿಟ್ಟೆವು. ಪೇಪರಿನಲ್ಲಿ ಫೋಟೋ ಬಂತು. ಮಾಲಿ ಕಾಕಾ ಸುಮ್ಮನೆ ಗುಂಡಿ ತೋಡಿ ಕೊಟ್ಟರು. ನಾಲ್ಕು ದಿನದ ಮೇಲೆ ನಾನೊಬ್ಬಳೇ ಹೋದಾಗ ಹೇಳಿದರು: "ಅಕ್ಕೋರ, ಈಗ ಹಚ್ಚಿದ್ದು ಫೋಟೋದಾಗ ಉಳೀತೈತ್ರಿ, ನೆಲದಾಗ ಉಳಿಯಂಗಿಲ್ಲ." ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ನನ್ನ ಯಾರೂ ಕೇಳ್ಲಿಲ್ರಿ" ಅಂದರು.

ಅವರ ಮಾತು ನಿಜವಾಯಿತು. ಮೃಗಶಿರ ಎರಡು ಸಲ ಹನಿಯಿತು. ಆಮೇಲೆ ಜುಲೈ ಪೂರ್ತಿ ಮೋಡ ಹಾಯುತ್ತಿದ್ದವು, ಗಾಳಿ ಬೀಸುತ್ತಿತ್ತು, ಮಳೆ ಇಲ್ಲ. ನಮ್ಮ ಭಾಗದಲ್ಲಿ ಮುಂಗಾರು ಹೀಗೆಯೇ ಕೈಕೊಡುವುದು. ತಿಂಗಳ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ, ಹುಬ್ಬಿ, ಉತ್ತರಿ, ಹಸ್ತಾ ಮಳೆಗಳಲ್ಲಿ. ಅದಕ್ಕೇ ವಿಜಯಪುರದ ರೈತ ಹಿಂದಿನಿಂದ ನೆಚ್ಚಿದ ಬೆಳೆ ಹಿಂಗಾರಿ ಜೋಳ. ಎರಿ, ಅಂದರೆ ಕರಿಮಣ್ಣಿನ ಹೊಲ, ಆ ಮಳೆಯನ್ನು ಕುಡಿದು ಒಳಗಿಟ್ಟುಕೊಳ್ಳುತ್ತದೆ, ಬಿಳಿಜೋಳ ಚಳಿಗಾಲದುದ್ದಕ್ಕೂ ಆ ತೇವದ ಮೇಲೆಯೇ ಬೆಳೆಯುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಹುಟ್ಟಿದ್ದು ಡೋಣಿ ನದಿಯ ದಂಡೆಯ ಅಂಥ ಎರಿಯ ನಾಡಿನಲ್ಲಿ. ಇಷ್ಟೆಲ್ಲ ಗೊತ್ತಿದ್ದೂ ನಾವು ಮಲೆನಾಡಿನವರ ಪಂಚಾಂಗ ಹಿಡಿದು ಗಿಡ ಹಚ್ಚಿದ್ದೆವು. ದಸರಾ ಹೊತ್ತಿಗೆ ಮೂರರಲ್ಲಿ ಎರಡು ಪಾಲು ಸಸಿ ಒಣಗಿದ್ದವು. ಉಳಿದವುಗಳಲ್ಲಿ ಹೆಚ್ಚಿನವನ್ನು ಮಾರ್ಚಿನಲ್ಲಿ ಎರಿಯ ಬಿರುಕು ಮುಗಿಸಿತು. ಕರಿಮಣ್ಣು ಒಣಗಿದರೆ ಕುಗ್ಗುತ್ತದೆ, ಕೈ ತೂರುವಷ್ಟು ಬಾಯಿ ಬಿಡುತ್ತದೆ, ಎಳೇ ಬೇರು ಆ ಬಿರುಕಿನಲ್ಲಿ ಹರಿದುಹೋಗುತ್ತದೆ. ಮುಂದಿನ ಯುಗಾದಿಯ ಮುಂಜಾನೆ ಎಣಿಸಿದಾಗ ಜೀವಂತವಾಗಿ ಕಂಡದ್ದು ಐದು ಬೇವು, ಎರಡು ಹೊಂಗೆ. ಮಕ್ಕಳು ಸಸಿಗಳಿಗೆ ತಮ್ಮ ಹೆಸರು ಬರೆದು ಕಟ್ಟಿದ್ದ ಚೀಟಿಗಳು ಒಣಗಿದ ಕಡ್ಡಿಗಳ ಮೇಲೆ ಇನ್ನೂ ಇದ್ದವು. ಒಬ್ಬ ಹುಡುಗಿ ಬಂದು, "ಟೀಚರ್, ನಂದು ಯಾವುದು?" ಎಂದು ಕೇಳಿದಾಗ ನನಗೆ ಉತ್ತರ ಬರಲಿಲ್ಲ.

ಬೆಂಕಿ

ಅದಕ್ಕಿಂತ ದೊಡ್ಡ ತಪ್ಪೊಂದು ಅದೇ ಫೆಬ್ರುವರಿಯಲ್ಲಿ ಆಗಿತ್ತು. ಎಲೆ ಉದುರುವ ಕಾಲ. ಉದುರಿದ ಎಲೆಯನ್ನೆಲ್ಲ ಗುಡಿಸಿ ಬಸರಿಯ ಬುಡದ ಹತ್ತಿರ ಗುಡ್ಡೆ ಮಾಡಿ, ನಮ್ಮಲ್ಲೇ ಒಬ್ಬರು ಕಡ್ಡಿ ಗೀರಿದರು. ಎಲ್ಲರೂ ಮನೆಯಲ್ಲಿ ಮಾಡುವ ಹಾಗೆ. ಹೊಗೆ ಆಡಿತು, ನಾವು ಚಹಾ ಕುಡಿಯಲು ಹೋದೆವು. ಗಿಡದ ಬುಡದಲ್ಲಿ ಪೊಟರೆ ಇದೆ ಎಂದು ಯಾರೂ ನೋಡಿರಲಿಲ್ಲ. ಒಳಗಿನ ಒಣ ಕಟ್ಟಿಗೆಗೆ ಕಿಡಿ ಹಿಡಿದು, ರಾತ್ರಿಯೆಲ್ಲ ಒಳಗೊಳಗೇ ಉರಿಯಿತು. ಮುಂಜಾನೆ ಅಗ್ನಿಶಾಮಕದವರು ಬಂದು ಪೊಟರೆಗೆ ನೀರು ಹೊಡೆದರು. ಗಿಡ ಸಾಯಲಿಲ್ಲ, ಆದರೆ ಪೂರ್ವಕ್ಕೆ ಚಾಚಿದ ದೊಡ್ಡ ಟೊಂಗೆ ಆ ಬೇಸಿಗೆಯಲ್ಲಿ ಒಣಗಿತು. ಅದನ್ನು ಕಡಿಯುವುದಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಕೇಳಿಕೊಂಡೆವು. ಆ ಟೊಂಗೆಯ ನೆರಳಲ್ಲಿ ಕೂತು ಓದುತ್ತಿದ್ದ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರು ಈಗ ಬೇರೆ ಕಡೆ ಕೂರುತ್ತಾರೆ. ಆ ಬದಿ ನಾನು ಇವತ್ತಿಗೂ ಕಣ್ಣೆತ್ತಿ ನೋಡುವುದು ಕಷ್ಟ.

ಆಗ ಇದ್ದ 2016ರ ಘನತ್ಯಾಜ್ಯ ನಿಯಮಗಳಲ್ಲಿ ಕಸ ಸುಡುವುದಕ್ಕೆ ನಿಷೇಧವಿತ್ತು, ತೋಟದ ಕಸವನ್ನು ಬೇರೆಯಾಗಿಯೇ ಇಡಬೇಕು ಎಂದಿತ್ತು. ಅದು ನಮಗೆ ಗೊತ್ತಿರಲಿಲ್ಲ ಅಂತಲ್ಲ, ಎಲೆಯನ್ನು ಕಸ ಎಂದೇ ತಿಳಿದಿದ್ದೆವು. ಈಗ ಎಲೆ ತೋಟದ ಗೇಟು ದಾಟಿ ಹೊರಗೆ ಹೋಗುವುದಿಲ್ಲ. ತಂತಿ ಬಲೆಯನ್ನು ದುಂಡಗೆ ಸುತ್ತಿ ನೆಲದ ಮೇಲೆ ನಿಲ್ಲಿಸಿ, ಅದರೊಳಗೆ ಎಲೆ ತುಂಬಿ, ಆಗಾಗ ಶೆಗಣಿ ನೀರು ಚಿಮುಕಿಸುತ್ತೇವೆ. ಒಂದು ಮಳೆಗಾಲ ಹೋದರೆ ಕೆಳಗಿನ ಪದರು ಗೊಬ್ಬರ. ಬೇವು, ಬಸರಿಯ ಎಲೆ ಬೇಗ ಕರಗುತ್ತದೆ. ಉಳಿದ ಎಲೆ ಸಸಿಗಳ ಬುಡಕ್ಕೆ ಗೇಣುದ್ದ ಹೊದಿಕೆ. ಈ ಹೊದಿಕೆ ಇದ್ದ ಕಡೆ ಎರಿ ಬಿರಿಯುವುದು ಕಣ್ಣಿಗೆ ಕಾಣುವಷ್ಟು ಕಡಿಮೆ. ಹಾಳು ಮಾಡುತ್ತಿದ್ದ ವಸ್ತುವೇ ನಮ್ಮ ಮೊದಲ ನೀರು ಉಳಿಸುವ ಸಾಧನವಾಯಿತು.

ಬಾವಡಿಗೆ ಇಳಿಯುವ ಮೊದಲು

ನಲ್ಲಿಯ ನೀರು ನಮ್ಮ ಊರಲ್ಲಿ ದಿನಾ ಬರುವುದಿಲ್ಲ. ಕುಡಿಯುವ ನೀರಿಗೆ ಕಾಯುವ ಓಣಿಯಲ್ಲಿ ತೋಟಕ್ಕೆ ನಲ್ಲಿ ಬಿಡಿ ಎಂದು ಕೇಳುವುದು ನ್ಯಾಯವಲ್ಲ. ಟ್ಯಾಂಕರಿಗೆ ರೊಕ್ಕ ಸಾಲದು. ಉಳಿದದ್ದು ಬಾವಡಿ. ಅದು ತುಂಬಿತ್ತು, ಆದರೆ ತುಂಬಿದ್ದು ನೀರಿಗಿಂತ ಹೆಚ್ಚು ಹೂಳು ಮತ್ತು ಗಣಪತಿ. ವರ್ಷಗಟ್ಟಲೆ ಮುಳುಗಿಸಿದ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳು. ಮಣ್ಣಿನ ಗಣಪ ಎರಡು ದಿನಕ್ಕೆ ಕರಗುತ್ತಾನೆ. ಪಿಒಪಿ ಒಮ್ಮೆ ಗಟ್ಟಿಯಾದರೆ ಅದು ಜಿಪ್ಸಮ್ ಕಲ್ಲು. ನೀರಲ್ಲಿ ಕರಗುವುದು ಬಹಳ ನಿಧಾನ. ಮೇಲಿನ ಬಣ್ಣದಲ್ಲಿ ಸೀಸ, ಕ್ರೋಮಿಯಂ ಇರುವ ಭಯ ಬೇರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಪಿಒಪಿ ಮೂರ್ತಿ ಬೇಡ ಎಂದೇ ಹೇಳಿದೆ.

ಉತ್ಸಾಹದ ಹುಡುಗರು ಹಗ್ಗ ತಂದು ಮರುದಿನವೇ ಇಳಿಯಲು ಸಿದ್ಧರಾದರು. ಅವತ್ತು ನಾನು ಗಟ್ಟಿ ದನಿಯಲ್ಲಿ ಬೇಡ ಅಂದೆ. ಬಹಳ ದಿನ ಮುಚ್ಚಿದ ಬಾವಿಯ ತಳದಲ್ಲಿ ಆಮ್ಲಜನಕ ಕಡಿಮೆ ಇರಬಹುದು. ಕೊಳೆತ ಹೂಳನ್ನು ಕೆದಕಿದರೆ ಹೈಡ್ರೋಜನ್ ಸಲ್ಫೈಡ್ ಏಳಬಹುದು. ಕಂದೀಲು ಇಳಿಬಿಟ್ಟು ನೋಡುವ ಹಳೇ ಪರೀಕ್ಷೆ ಆಮ್ಲಜನಕದ ಕೊರತೆಯನ್ನು ತೋರಿಸೀತೇ ಹೊರತು ಆ ವಿಷಗಾಳಿಯನ್ನು ತೋರಿಸುವುದಿಲ್ಲ. ಮೊದಲು ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ, ಬಾವಿಯ ಸಾವುಗಳು ಹೀಗೆಯೇ ಎರಡು ಮೂರು ಆಗುವುದು. ಬಾವಿ ಕೆಲಸವನ್ನೇ ಕಸುಬಾಗಿ ಮಾಡುವವರನ್ನು ಕರೆಸಿದೆವು. ಅವರು ಮೋಟಾರಿನಿಂದ ಮೇಲಿನ ನೀರು ತೆಗೆದು, ಎರಡು ದಿನ ಗಾಳಿಯಾಡಲು ಬಿಟ್ಟು, ಬ್ಲೋವರ್ ಹಚ್ಚಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಸರದಿಯ ಮೇಲೆ ಇಳಿದರು. ನಮ್ಮ ಕೆಲಸ ಮೇಲೆ ನಿಂತು ಬುಟ್ಟಿ ಎಳೆಯುವುದು, ಅವರಿಗೆ ಊಟ ನೀರು ನೋಡುವುದು. ಅವರ ಕೂಲಿಯಲ್ಲಿ ಚೌಕಾಸಿ ಮಾಡಬಾರದು ಎಂದು ಮೊದಲೇ ಗೆರೆ ಎಳೆದುಕೊಂಡಿದ್ದೆವು. ಸ್ವಯಂಸೇವೆ ಎಂಬ ಮಾತು ಕೂಲಿಯವರ ಹೊಟ್ಟೆಯ ಮೇಲೆ ನಿಲ್ಲಬಾರದು.

ಮೇಲೆ ಬಂದ ಹೂಳು ಕರ್ರಗೆ, ನೋಡಲು ಬಂಗಾರದಂಥ ಗೊಬ್ಬರ. ರೈತರೊಬ್ಬರು ಟ್ರ್ಯಾಕ್ಟರ್ ತಂದು ಒಯ್ಯುತ್ತೇನೆಂದರು. ಬಣ್ಣದ ಚೂರುಗಳನ್ನು ನೋಡಿ ನಾವು ಕೊಡಲಿಲ್ಲ. ಕೆರೆಯ ಹೂಳು ಹೊಲಕ್ಕೆ ಒಳ್ಳೆಯದು ಎಂಬುದು ನಿಜ, ಆದರೆ ಇದು ಕೆರೆಯ ಹೂಳಲ್ಲ. ಅದನ್ನು ಪಾಲಿಕೆಯ ಕಸದ ಗಾಡಿಗೆ ಬೇರೆಯಾಗಿ ಹಾಕಿಸಿದೆವು. ಮೂರ್ತಿಯ ತುಂಡುಗಳನ್ನು ಕಸದಂತೆ ಎಸೆಯಲು ಯಾರಿಗೂ ಮನಸ್ಸು ಬರಲಿಲ್ಲ. ಓಣಿಯ ಹಿರಿಯರು ಬಟ್ಟೆಯಲ್ಲಿ ಸುತ್ತಿ ಬೇರೆ ಚೀಲಗಳಲ್ಲಿ ಇಟ್ಟು, ಒಂದು ಕಾಯಿ ಒಡೆದು ಕಳಿಸಿದರು. ಎದುರಿನ ಚಹಾದಂಗಡಿಯ ಚಾಚಾ ಅವತ್ತು ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟರು. ಮುಂದಿನ ಗಣೇಶ ಚೌತಿಗೆ ಬಾವಡಿಯ ಪಕ್ಕದಲ್ಲಿ ಎರಡು ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿಟ್ಟು, ಮಣ್ಣಿನ ಗಣಪ ತಂದವರಿಗೆ ಅಲ್ಲೇ ಕಳಿಸಲು ಹೇಳಿದೆವು. ಕರಗಿದ ಮಣ್ಣನ್ನು ಹೂವಿನ ಮಡಿಗೆ ಹಾಕಿದೆವು. ಮೊದಲ ವರ್ಷ ಸಿಟ್ಟಾದವರು ಇದ್ದರು, ಈಗ ಚೌತಿಯ ಹಿಂದಿನ ದಿನ ಡ್ರಮ್ಮು ತೊಳೆಯಲು ಅವರ ಮನೆಯ ಮಕ್ಕಳೇ ಬರುತ್ತಾರೆ.

ಬಾವಡಿಯ ಸೆಲೆ ತೆರೆದು ನೀರು ಬಂತು. ಪರೀಕ್ಷೆ ಮಾಡಿಸಿದರೆ ಸವಳು. ಕುಡಿಯಲು ಬಾರದು, ಗುಲಾಬಿಗೂ ಬಾರದು. ಬೇವು, ಹೊಂಗೆ, ಹುಣಸಿ ತಡೆದುಕೊಳ್ಳುತ್ತವೆ. ಹಾಗಾಗಿ ಯಾವ ಗಿಡ ಹಚ್ಚಬೇಕು ಎಂಬ ಚರ್ಚೆಯನ್ನು ನೀರೇ ಮುಗಿಸಿತು. ಹುಲ್ಲುಹಾಸು, ವಿದೇಶಿ ತಾಳೆ, ಬಣ್ಣದ ಹೂಗಿಡಗಳ ಪಟ್ಟಿ ಅಲ್ಲಿಗೆ ಮಡಚಿಟ್ಟೆವು. ದಾಳಿಂಬೆ, ಬಾರಿ (ಬೋರೆ), ಸೀತಾಫಲ ಅಂಚಿಗೆ ಬಂದವು. ನಮ್ಮ ಊರಿಗೆ ದೂರದಿಂದ ಬಂದು ಬೇರೂರಿದ ಗಿಡಗಳೂ ಇವೆ. ಆಫ್ರಿಕಾದ ದೊಡ್ಡ ಹುಣಸಿಯನ್ನು, ಇಲ್ಲಿನವರು ಗೋರಖ್ ಇಮ್ಲಿ ಎನ್ನುವುದನ್ನು, ವಿಜಯಪುರದಲ್ಲಿ ಇವತ್ತಿಗೂ ನೋಡಬಹುದು. ಒಣನಾಡಿನಿಂದ ಒಣನಾಡಿಗೆ ಬಂದದ್ದಕ್ಕೆ ಅದು ನೂರಾರು ವರ್ಷ ನಿಂತಿದೆ. ಎಲ್ಲಿಯದು ಎನ್ನುವುದಕ್ಕಿಂತ ಎಷ್ಟು ನೀರು ಕೇಳುತ್ತದೆ ಎನ್ನುವುದನ್ನೇ ನಾವು ಮೊದಲು ನೋಡಬೇಕಾಗಿತ್ತು.

ಗಡಗಿ ಮತ್ತು ಪಾಳಿ

ಎರಡನೆಯ ವರ್ಷ ಗಿಡ ಹಚ್ಚಿದ್ದು ಉತ್ತರಿ ಮಳೆಯ ಮೇಲೆ, ಹಿಂಗಾರಿ ಬಿತ್ತುವ ಹೊತ್ತಿಗೆ. ಈ ಸಲ ಅರವತ್ತಲ್ಲ, ಹದಿನೆಂಟು. ಅಷ್ಟೇ ಯಾಕೆ ಎಂದರೆ ನಮ್ಮ ಪಾಳಿಯ ಜನ ಬೇಸಿಗೆಯಲ್ಲಿ ನೀರು ಹೊರಲು ಆಗುವುದು ಅಷ್ಟಕ್ಕೇ. ಮೊದಲು ಹೊರುವ ಕೈ ಎಣಿಸಿ, ಆಮೇಲೆ ಸಸಿ ಎಣಿಸಿದೆವು. ಈ ಇಡೀ ಪ್ರಕರಣದಲ್ಲಿ ನಾನು ಒಂದೇ ಮಾತು ಹೇಳಬೇಕಾದರೆ ಇದನ್ನೇ ಹೇಳುತ್ತೇನೆ.

ಪ್ರತಿ ಸಸಿಯ ಮಗ್ಗುಲಿಗೆ ಒಂದು ಗಡಗಿ ಹೂಳಿದೆವು, ಕುತ್ತಿಗೆ ಮಾತ್ರ ಮೇಲೆ. ಕುಂಬಾರರ ಹತ್ತಿರ ಅಂಚು ಸೊಟ್ಟಗಾಗಿ ಮಾರಾಟವಾಗದೆ ಉಳಿದ ಗಡಗಿಗಳು ಸಸ್ತಾ ಸಿಕ್ಕವು. ಮೆರುಗು ಹಾಕದ ಮಣ್ಣಿನ ಪಾತ್ರೆಯ ಸಣ್ಣ ರಂಧ್ರಗಳಿಂದ ನೀರು ಜಿನುಗುತ್ತದೆ. ಸುತ್ತಲಿನ ಮಣ್ಣು ಒಣಗಿದಷ್ಟೂ ಹೆಚ್ಚು ಎಳೆದುಕೊಳ್ಳುತ್ತದೆ, ಒದ್ದೆ ಇದ್ದರೆ ನಿಲ್ಲುತ್ತದೆ. ಮೇಲಿಂದ ಸುರಿದ ಕೊಡ ನೀರು ಬಿಸಿಲಿಗೆ ಆರಿ ಹೋಗುವುದು, ಗಡಗಿಯದು ಬೇರಿಗೆ ಹೋಗುವುದು. ಬಾಯಿಗೆ ಹೆಂಚಿನ ಚೂರು ಮುಚ್ಚಿದರೆ ಸೊಳ್ಳೆಯೂ ಇಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕಾಗುತ್ತಿತ್ತು.

ತೊಂದರೆ ಇರಲಿಲ್ಲ ಎಂದಲ್ಲ. ಏಪ್ರಿಲಿನಲ್ಲಿ ಎರಿ ಕುಗ್ಗುವಾಗ ಕೆಲವು ಗಡಗಿ ಒಡೆದವು. ಮುಂದಿನ ಸಲ ಗಡಗಿಯ ಸುತ್ತ ಗೇಣಗಲ ಮರಳು ತುಂಬಿದೆವು, ಒಡೆಯುವುದು ನಿಂತಿತು. ಸವಳು ನೀರಿನ ಉಪ್ಪು ಒಂದು ಬೇಸಿಗೆಗೆ ರಂಧ್ರ ಕಟ್ಟಿಬಿಟ್ಟಿತು, ಗಡಗಿ ತುಂಬಿದ್ದು ತುಂಬಿದಂತೆಯೇ ನಿಂತು ಸಸಿ ಬಾಡಿತು. ಅದನ್ನು ಮೊದಲು ಗಮನಿಸಿದ್ದು ಏಳನೇ ಇಯತ್ತೆಯ ಹುಡುಗ. "ಟೀಚರ್, ಈ ಗಡಗಿ ನೀರು ಕುಡೀವಲ್ದು" ಎಂದ. ಈಗ ಮಳೆಗಾಲದಲ್ಲಿ ಎಲ್ಲ ಗಡಗಿ ಕಿತ್ತು, ಮಳೆನೀರಲ್ಲಿ ನೆನೆಹಾಕಿ, ತೆಂಗಿನ ಸಿಪ್ಪೆಯಿಂದ ಉಜ್ಜಿ ಮತ್ತೆ ಹೂಳುತ್ತೇವೆ. ಆದರೂ ಕಟ್ಟಿದ್ದನ್ನು ಬದಲಿಸುತ್ತೇವೆ.

ಪಾಳಿ ಎಂದರೆ ಇಷ್ಟು: ವಾರಕ್ಕೆ ಎರಡು ದಿನ, ಬೆಳಿಗ್ಗೆ ಆರಕ್ಕೆ, ಒಂದು ಓಣಿಯಿಂದ ಮೂರು ಜನ. ಯಾರು ಬಂದರು, ಯಾವ ಗಡಗಿ ತುಂಬಿದರು, ಏನು ಕಂಡಿತು ಎಂದು ನೋಟುಬುಕ್ಕಿನಲ್ಲಿ ಎರಡು ಸಾಲು. ಫೆಬ್ರುವರಿಯಿಂದ ಮೇ ಕೊನೆಯವರೆಗೆ ತಪ್ಪುವ ಹಾಗಿಲ್ಲ. ಮದುವೆ ಸೀಸನ್ನು, ಪರೀಕ್ಷೆ, ರಂಜಾನು, ಜಾತ್ರೆ ಎಲ್ಲ ಆ ತಿಂಗಳುಗಳಲ್ಲೇ ಬರುವುದು. ಉಪವಾಸದ ತಿಂಗಳಲ್ಲಿ ಮುಸ್ಲಿಂ ಓಣಿಯವರು ಸಹರಿ ಮುಗಿಸಿ ಫಜರ್ ನಮಾಜಿನ ನಂತರ ನೇರ ತೋಟಕ್ಕೇ ಬಂದು ಬಿಸಿಲೇರುವ ಮುನ್ನ ನೀರು ಮುಗಿಸಿಬಿಡುತ್ತಿದ್ದರು. ಯುಗಾದಿ ದಿನದ ಪಾಳಿಯನ್ನೂ ಅವರೇ ಬೇಡಿ ತೆಗೆದುಕೊಂಡರು. ಬಕ್ರೀದಿಗೆ ನಾವು ತೆಗೆದುಕೊಂಡೆವು. ಇದನ್ನು ಯಾರೂ ಸಭೆ ಸೇರಿ ತೀರ್ಮಾನಿಸಿದ್ದಲ್ಲ, ನೋಟುಬುಕ್ಕಿನ ಹಾಳೆಯ ಮೇಲೆ ತಾನೇ ಆದದ್ದು.

ಮೂರು ಬೇಸಿಗೆ ದಾಟಿದ ಬೇವಿಗೆ ಮತ್ತೆ ನೀರು ಬೇಕಾಗಲಿಲ್ಲ. ಎರಡನೇ ವರ್ಷದ ಹದಿನೆಂಟರಲ್ಲಿ ಹದಿಮೂರು ನಿಂತಿವೆ. ಒಂದೊಂದರ ಪಾಳಿ ಮುಗಿದಂತೆ ಅದರ ಗಡಗಿ ಕಿತ್ತು ಹೊಸ ಸಸಿಗೆ ಕೊಡುತ್ತೇವೆ. ಹೊಸದು ಹಚ್ಚುವ ಲೆಕ್ಕ ಹೀಗೆ ಗಡಗಿಯಿಂದಲೇ ಬರುತ್ತದೆ.

ಕಮಾನು ಬೇಡ ಅಂದದ್ದು

ತೋಟ ಚೆಂದ ಕಾಣತೊಡಗಿದ ಮೇಲೆ ದಾನಿಗಳು ಬಂದರು. ಒಬ್ಬರು ಗೇಟಿಗೆ ಕಾಂಕ್ರೀಟ್ ಕಮಾನು, ಅದರ ಮೇಲೆ ತಂದೆಯ ಹೆಸರು, ಹೊಂಡಕ್ಕೆ ಸಿಮೆಂಟು ಗಿಲಾಯಿ, ದಾರಿಗೆಲ್ಲ ಪೇವರ್ ಹಾಕಿಸಿಕೊಡುತ್ತೇನೆ ಎಂದರು. ಮನಸ್ಸು ಒಳ್ಳೆಯದೇ. ನಮ್ಮಲ್ಲಿ ಅರ್ಧ ಜನ ಹೂಂ ಅಂದರು. ನಿವೃತ್ತ ಎಂಜಿನಿಯರ್ ಒಬ್ಬರು ಮಾತ್ರ ಕಾಗದ ತೆಗೆದು ತೋರಿಸಿದರು: ಪಕ್ಕದಲ್ಲೇ ಸಂರಕ್ಷಿತ ಸ್ಮಾರಕವಿದೆ. ಪ್ರಾಚೀನ ಸ್ಮಾರಕಗಳ ಕಾಯಿದೆಗೆ ಆದ 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಕಮಾನು ಬರುವ ಜಾಗ ನೂರರ ಒಳಗೆ.

ಕಾನೂನು ಇಲ್ಲದಿದ್ದರೂ ಸಿಮೆಂಟು ಬೇಡವೇ ಬೇಡ. ಹಳೇ ಗೋಡೆ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಸುಣ್ಣ ಮೆದು, ನೀರಾವಿಯನ್ನು ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿ, ಉಪ್ಪು ಕಲ್ಲಿನ ಮುಖಕ್ಕೆ ಬಂದು, ಕಲ್ಲು ಪದರು ಪದರಾಗಿ ಉದುರುತ್ತದೆ. ಗೋಡೆಯ ಸಂದಿನ ಅರಳಿ ಸಸಿಯನ್ನೂ ನಾವು ಕೀಳುವುದಿಲ್ಲ. ಜಗ್ಗಿದರೆ ಬೇರಿನ ಜತೆ ಕಲ್ಲೂ ಬರುತ್ತದೆ. ಚಿಗುರು ಕತ್ತರಿಸಿ ಇಟ್ಟು, ಬಲ್ಲವರಿಗೆ ಪತ್ರ ಬರೆಯುತ್ತೇವೆ. ಪೇವರಿನ ವಿಷಯಕ್ಕೆ ಬಂದರೆ, ಗಿಡದ ಕಾಂಡಕ್ಕೆ ಅಂಟಿಸಿ ಹಾಸಿದ ಕಲ್ಲು ಗಿಡದ ಉಸಿರು ಕಟ್ಟಿಸುತ್ತದೆ. ದಿಲ್ಲಿಯ ಗಿಡಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಯಲು ಹೇಳಿತ್ತು. ನಮ್ಮ ಹುಣಸಿಯ ಬುಡದಲ್ಲಿ ಹಿಂದೆ ಯಾವಾಗಲೋ ಕಟ್ಟಿದ ಸಿಮೆಂಟು ಕಟ್ಟೆಯನ್ನು ಪಾಲಿಕೆಯವರಿಂದಲೇ ಒಡೆಸಿದೆವು. ಮುದುಕರು ಕೂರಲು ಜಾಗ ಹೋಯಿತೆಂದು ಬೇಸರ ಮಾಡಿಕೊಂಡರು. ಅವರ ಬೇಸರ ಸರಿಯಾದದ್ದೇ, ಸರಿಸಬಹುದಾದ ಕಲ್ಲುಬೆಂಚು ಬರಲು ಏಳು ತಿಂಗಳು ಹಿಡಿಯಿತು.

ದಾನಿಯವರು ಮುನಿಸಿಕೊಂಡು ಹೋದರು. ಒಂದು ಮಳೆಗಾಲ ಕಳೆದ ಮೇಲೆ ನಾನು, ಎಂಜಿನಿಯರ್ ಸಾಹೇಬರು ಅವರ ಮನೆಗೆ ಹೋಗಿ, ಕೈಗವಸು, ಕುಡುಗೋಲು, ಎರಡು ಕೈಗಾಡಿ ಬೇಕಾಗಿವೆ ಎಂದು ಹೇಳಿದೆವು. ಹೆಸರು ಬರೆಯಲು ಜಾಗ ಇಲ್ಲದ ದಾನ. ಕೊಟ್ಟರು. ಕೈಗವಸಿನ ಬೆಲೆ ಕಾಂಗ್ರೆಸ್ ಹುಲ್ಲು ಕಿತ್ತವರಿಗೇ ಗೊತ್ತು. ಬರಿಗೈಯಲ್ಲಿ ಕಿತ್ತು ನಮ್ಮ ಇಬ್ಬರಿಗೆ ಮೊಣಕೈವರೆಗೆ ಗಾದರಿ ಎದ್ದು ತಿಂಗಳು ತುರಿಸಿತ್ತು. ಹೂ ಬಿಡುವ ಮೊದಲೇ, ನೆಲ ಒದ್ದೆ ಇದ್ದಾಗ, ಬೇರು ಸಮೇತ ಕೀಳಬೇಕು. ಹೂ ಬಂದ ಮೇಲೆ ಒಂದೊಂದು ಗಿಡ ಸಾವಿರಾರು ಬೀಜ ಚೆಲ್ಲುತ್ತದೆ.

ಆಡು, ಗೇಟು, ಕೀಲಿ

ಗೇಟಿಗೆ ಕೀಲಿ ಹಾಕಬೇಕೆ ಎಂಬುದು ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಒಡೆದ ಪ್ರಶ್ನೆ. ಆಡು ಮೇಯಿಸುವ ಆಯಿ ಒಬ್ಬರು ದಿನಾ ಬರುತ್ತಿದ್ದರು. ಅವರ ಆರು ಆಡು ನಮ್ಮ ಸಸಿಗಳಲ್ಲಿ ನಾಲ್ಕನ್ನು ತಿಂದವು. ಆಡು ಒಳಗೆ ಬಿಡಬಾರದು ಎಂದು ಬೋರ್ಡು ಹಾಕಿದೆವು, ಆಯಿಗೆ ಓದು ಬಾರದು. ಜಗಳವಾಯಿತು. "ನೀವು ಹುಟ್ಟೂಕಿಂತ ಮೊದ್ಲಿಂದ ಬರ್ತೀನವ್ವಾ ಇಲ್ಲಿಗೆ" ಎಂದರು. 1985ರ ಉದ್ಯಾನಗಳ ಕಾಯಿದೆ ಹೇಳುವುದು ಸಾರ್ವಜನಿಕ ಜಾಗವನ್ನು ಸಾರ್ವಜನಿಕರಿಗಾಗಿ ಕಾಯಬೇಕು ಎಂದು. ಆಯಿ ಸಾರ್ವಜನಿಕರಲ್ಲವೇ? ಕೊನೆಗೆ ಗೋಡೆಯ ಕಡೆಯ ಬಳ್ಳಾರಿ ಜಾಲಿ ಸವರುವ ಕೆಲಸ ಬಂದಾಗ ಕಾಯಿ ತುಂಬಿದ ಟೊಂಗೆಗಳನ್ನು ಗೇಟಿನ ಹೊರಗೆ ಅವರಿಗೆ ಹಾಕಿಕೊಡತೊಡಗಿದೆವು. ಆಡುಗಳು ಹೊರಗೇ ಉಳಿದವು. ಇದು ಪೂರ್ತಿ ಬಗೆಹರಿದಿಲ್ಲ, ಜಾಲಿ ಮುಗಿದರೆ ಮತ್ತೆ ಮಾತಾಡಬೇಕು.

ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಐದೂವರೆಗೆ ತೆಗೆಯುವುದೆಂದು ಆಯಿತು. ಕೀಲಿ ಮಾಲಿ ಕಾಕಾನ ಹತ್ತಿರ, ಇನ್ನೊಂದು ಚಾಚಾನ ಅಂಗಡಿಯಲ್ಲಿ. ಸಂಜೆ ಹೆಣ್ಣುಮಕ್ಕಳು ಬರುವಂತಾದದ್ದು ದೀಪದಿಂದಲ್ಲ, ಚಾಚಾನ ಅಂಗಡಿಯ ಬೆಂಚು ಗೇಟಿಗೆ ಮುಖ ಮಾಡಿ ತಿರುಗಿದ್ದರಿಂದ. ಅಲ್ಲಿ ಸದಾ ಯಾರೋ ಕೂತಿರುತ್ತಾರೆ.

ಇನ್ನೂ ಆಗದ್ದು

ಮಾಲಿ ಕಾಕಾನ ಪಗಾರ ಇವತ್ತಿಗೂ ಗುತ್ತಿಗೆದಾರರ ಕೈಯಿಂದ ತಡವಾಗಿ ಬರುತ್ತದೆ. ನಾವು ಮಾಡುವ ಕೆಲಸ ಅವರ ನೌಕರಿಗೆ ಕುತ್ತಾಗಬಾರದು ಎಂಬ ಭಯ ನನಗೆ ಮೊದಲಿಂದ ಇದೆ. "ಓಣಿಯವರೇ ಪುಕ್ಕಟೆ ಮಾಡ್ತಾರಲ್ಲ" ಎಂದು ಯಾರಾದರೂ ಮೇಲಿನವರು ಲೆಕ್ಕ ಹಾಕಿದರೆ? ಅದಕ್ಕೇ ನಮ್ಮ ಪ್ರತಿ ಅರ್ಜಿಯ ಮೊದಲ ಸಾಲಿನಲ್ಲಿ ಮಾಲಿಯ ಕಾಯಂ ಹುದ್ದೆಯನ್ನೇ ಕೇಳುತ್ತೇವೆ, ನೀರನ್ನು ಎರಡನೆಯ ಸಾಲಿನಲ್ಲಿ. ಶುರುವಿನಲ್ಲಿ ನಲವತ್ತು ಜನ ಇದ್ದೆವು, ಈಗ ಪಾಳಿಗೆ ಖಚಿತವಾಗಿ ಬರುವವರು ಹದಿನಾರು. ಮೊದಲು ಇದು ನನ್ನನ್ನು ಕಾಡುತ್ತಿತ್ತು. ನೋಟುಬುಕ್ಕು ತಿರುವಿದರೆ ಆ ಹದಿನಾರರಲ್ಲಿ ಒಂಬತ್ತು ಜನ ಮೊದಲ ವರ್ಷ ಇರಲೇ ಇಲ್ಲ ಎಂದು ಕಾಣುತ್ತದೆ.

ಎಂಟು ಮೂಲೆಯ ಹೊಂಡ ಇನ್ನೂ ಒಣಗಿಯೇ ಇದೆ. ಕಳೆದ ಹಸ್ತಾ ಮಳೆಯಲ್ಲಿ ಒಂದು ಸಂಗತಿ ಕಂಡಿತು. ರಾತ್ರಿ ಜೋರು ಮಳೆಯಾಗಿ ಬಾವಡಿ ಕಟ್ಟೆಯ ಕೆಳಗಿನ ಮೆಟ್ಟಿಲವರೆಗೆ ಏರಿತ್ತು. ಮುಂಜಾನೆ ಹೋದಾಗ ಹೊಂಡದ ತಳದ ಒಂದು ಮೂಲೆಯಲ್ಲಿ ಮಾತ್ರ ತೇವ, ಅಲ್ಲಿನ ಕಲ್ಲಿನ ಸಂದಿಯಲ್ಲಿ ಮಣ್ಣಿನ ಕೊಳವೆಯ ಅಂಚಿನಂಥ ದುಂಡನೆಯ ಬಾಯಿ. ಹುಡುಗರು ಕೆದಕೋಣ ಅಂದರು. ಕೆದಕಲಿಲ್ಲ. ಫೋಟೋ ತೆಗೆದು, ಅಳತೆ ಬರೆದು, ಬಲ್ಲವರು ಬಂದು ನೋಡಲಿ ಎಂದು ಸಂಬಂಧಪಟ್ಟ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಂಡಿದ್ದೇವೆ. ಉತ್ತರ ಬಂದಿಲ್ಲ. ಆ ಬಾಯಿಗೆ ಎಲೆ ಬೀಳದಂತೆ ಮಾಲಿ ಕಾಕಾ ಒಂದು ಸೊಟ್ಟ ಗಡಗಿ ಕವುಚಿಟ್ಟಿದ್ದಾರೆ. ಪಾಳಿಯವರು ವಾರಕ್ಕೆರಡು ಸಲ ಅದನ್ನು ಎತ್ತಿ ನೋಡಿ, ತೇವ ಇದೆಯೋ ಇಲ್ಲವೋ ಎಂದು ನೋಟುಬುಕ್ಕಿನಲ್ಲಿ ಬರೆಯುತ್ತಾರೆ.